ಬೆಲ್ಲಕ್ಕೆ ಬೆಳಕು ಹಿಡಿದವರು

ಮೇಡಂ ತೀರಿಕೊಂಡ ಸುದ್ದಿ ಬಂದಾಗ ನಾನು ಒಂದು ಫಾರಂ ತುಂಬುತ್ತಿದ್ದೆ. ಔಷಧಿ ಕಾರ್ಖಾನೆಯ ಗುಣಮಟ್ಟ ವಿಭಾಗದಲ್ಲಿ ಇರುವವನಿಗೆ ಫಾರಂ ತುಂಬುವುದೇ ಕೆಲಸ. ಮಾತ್ರೆ ಯಾರೋ ಮಾಡುತ್ತಾರೆ, ಯಾರೋ ನುಂಗುತ್ತಾರೆ, ನಡುವೆ ಕೂತು ನಾವು ಸಹಿ ಹಾಕುತ್ತೇವೆ. ಮೊಬೈಲಿನಲ್ಲಿ ಅವರ ತಮ್ಮನ ಮೆಸೇಜು, ಇಂಗ್ಲಿಷಿನಲ್ಲಿ, ಎರಡೇ ಸಾಲು. ಓದಿದೆ. ಉಳಿದ ಮೂರು ಕಾಲಂ ತುಂಬಿ, ಸಹಿ ಹಾಕಿ, ತಾರೀಖು ಬರೆದು, ಆಮೇಲೆ ಹೊರಗೆ ಬಂದು ಗೋಡೆಗೆ ಒರಗಿ ನಿಂತೆ. ಅಳು ಬರಲಿಲ್ಲ. ಸುಸ್ತಾಯಿತು, ಅಷ್ಟೆ. ವಿಶಾಖಪಟ್ಟಣದ ಸೆಕೆಯಲ್ಲಿ ಇಷ್ಟು ವರ್ಷ ಬೆವತವನಿಗೆ ದುಃಖ ಯಾವುದು, ಸುಸ್ತು ಯಾವುದು ಅಂತ ಬೇರ್ಪಡಿಸಲು ಬರುವುದಿಲ್ಲ.

ಗದಗಿನಿಂದ ಒಂದು ಸೂಟ್‌ಕೇಸು, ಒಂದು ಎಂ.ಎಸ್ಸಿ. ಸರ್ಟಿಫಿಕೇಟು ಹಿಡಿದು ಈ ಊರಿಗೆ ಬಂದಾಗ ನನಗೆ ಸಿಕ್ಕ ಮೊದಲ ಕೆಲಸ ಅವರ ಪ್ರಯೋಗಶಾಲೆಯಲ್ಲಿ, ಪ್ರಾಜೆಕ್ಟ್ ಅಸಿಸ್ಟೆಂಟ್. ಅವರು ಇಂಗ್ಲಿಷಿನಲ್ಲೇ ಮಾತು ಶುರು ಮಾಡಿದರು. ಯಾವ ಊರು ಅಂತ ಕೇಳಿದಾಗ ಗದಗ ಅಂದೆ. "ಊಟ ಆತೇನು?" ಅಂದರು. ಅಷ್ಟು ಚೆಂದದ ಕನ್ನಡ ಕೇಳಿ ನಾನು ಹಿಗ್ಗಿಬಿಟ್ಟೆ. ಆಮೇಲೆ ತಿಳಿಯಿತು, ಅವರ ಕನ್ನಡ ಬಹುತೇಕ ಊಟದ ಸುತ್ತಲೇ ಮುಗಿಯುತ್ತದೆ ಅಂತ. ಅವರ ತಂದೆ ಬಳ್ಳಾರಿ ಕಡೆಯವರು, ಬ್ಯಾಂಕಿನಲ್ಲಿ ಗುಮಾಸ್ತರು, ಮಗಳಿಗೆ ನಾಲ್ಕು ವರ್ಷವಿದ್ದಾಗ ವಿಜಯವಾಡಕ್ಕೆ ವರ್ಗವಾಗಿ ಬಂದು ಪಟಮಟದಲ್ಲಿ ಮನೆ ಮಾಡಿದವರು ಮತ್ತೆ ವಾಪಸ್ ಹೋಗಲೇ ಇಲ್ಲ. ಹಾಗಾಗಿ ಹಸಿವು, ಜ್ವರ, ಸಿಟ್ಟು, ಹುಣಸೆಹಣ್ಣು, ಇವಕ್ಕೆ ಅವರಲ್ಲಿ ಕನ್ನಡವಿತ್ತು. ಆಟೋದವರ ಜೊತೆ ಜಗಳಕ್ಕೆ ತೆಲುಗು. ಕೆಲಸಕ್ಕೆ ಇಂಗ್ಲಿಷ್.

ಕೆಲಸವೇನು ಅಂದರೆ, ಬೆಳಕಿನಿಂದ ಕಲಬೆರಕೆ ಹಿಡಿಯುವುದು. ನೀರಿನಲ್ಲೋ ಊಟದಲ್ಲೋ ಇರಬಾರದ ಪದಾರ್ಥ ಇದ್ದರೆ, ಅದಕ್ಕೆ ಮಾತ್ರ ಅಂಟಿಕೊಂಡು ಮಿನುಗುವ ಒಂದು ದ್ರವ ತಯಾರಿಸಬೇಕು. ಯುವಿ ದೀಪದ ಕೆಳಗಿಟ್ಟರೆ ಹೊಳೆಯಬೇಕು. ಹೊಳೆದರೆ ಕಳ್ಳ ಸಿಕ್ಕಿಬಿದ್ದ. ಅವರ ತಾಯಿ ನೆಂಟರಿಗೆ ಇದನ್ನು "ನಮ್ಮಾಕಿ ಲೈಟಿನ ಕೆಲ್ಸ ಮಾಡ್ತಾಳೆ" ಅಂತ ಹೇಳಿಟ್ಟಿದ್ದರಿಂದ, ಯಾವುದೋ ಮದುವೆಯಲ್ಲಿ ಒಬ್ಬ ದೊಡ್ಡಪ್ಪ ಮನೆಯ ಇನ್ವರ್ಟರ್ ಯಾಕೆ ಕೀಂ ಅನ್ನುತ್ತದೆ ಅಂತ ಇವರನ್ನು ಕೂರಿಸಿಕೊಂಡು ಅರ್ಧ ಗಂಟೆ ಕೇಳಿದ್ದರಂತೆ. ಮೇಡಂ ಉತ್ತರವನ್ನೂ ಕೊಟ್ಟರಂತೆ. ಯಾರಿಗೂ ಇಲ್ಲ ಅನ್ನುವ ಸ್ವಭಾವ ಅವರದಲ್ಲ.

ಪಿಎಚ್.ಡಿ. ಮಾಡಿದ್ದು ನೀರಿನಲ್ಲಿ ಪಾದರಸ ಹುಡುಕುವ ವಿಷಯದಲ್ಲಿ. ಅದರ ಬಗ್ಗೆ ಕೇಳಿದರೆ ನಗುತ್ತಿದ್ದರು. "ಈ ದೇಶದಾಗೆ ಪಾದರಸ ಹುಡುಕೋ ಮಂದಿ ಇರೋವಷ್ಟು ಪಾದರಸ ಇಲ್ಲಪ್ಪಾ." ಡಾಕ್ಟರ್ ಆಗಬೇಕು ಅಂತ ತಂದೆ ಆಸೆಪಟ್ಟಿದ್ದರು, ರ‍್ಯಾಂಕ್ ಸಾಲದೆ ಕೆಮಿಸ್ಟ್ರಿ ಸಿಕ್ಕಿತು. ಸಿಕ್ಕಿದ್ದನ್ನು ಬಿಡಲಿಲ್ಲ. ನಾನು ಸೇರುವ ಹೊತ್ತಿಗೆ ನಲವತ್ತರ ಹತ್ತಿರ ಬಂದಿದ್ದರು, ಇನ್ನೂ ಗುತ್ತಿಗೆಯ ನೌಕರಿ. ಹನ್ನೊಂದು ತಿಂಗಳ ಆರ್ಡರು, ಒಂದು ತಿಂಗಳು ಮನೆ, ಮತ್ತೆ ಹನ್ನೊಂದು ತಿಂಗಳು. ಆ ಒಂದು ತಿಂಗಳೂ ಅವರು ಸುಮ್ಮನೆ ಬಂದು ಕೆಲಸ ಮಾಡುತ್ತಿದ್ದರು. ಕೇಳಿದರೆ, ದೀಪ ಆರಿಸಿಟ್ಟರೆ ಸಮುದ್ರದ ಗಾಳಿಗೆ ಮಷೀನು ತುಕ್ಕು ಹಿಡಿಯುತ್ತದೆ ಅನ್ನುತ್ತಿದ್ದರು. ಅದೂ ನಿಜವೇ. ಈ ಊರಿನಲ್ಲಿ ಕತ್ತರಿ ಕೂಡ ಮೂರು ತಿಂಗಳಿಗೆ ಬಾಯಿ ಬಿಡುವುದಿಲ್ಲ.

ಬೆಳಕು ಅಳೆಯುವ ಮಷೀನಿಗೆ ಇಡುವ ಕ್ಯೂವೆಟ್ ಅಂತ ಒಂದು ಚೌಕನೆಯ ಪುಟ್ಟ ಗಾಜಿನ ಪಾತ್ರೆ ಇರುತ್ತದೆ. ಅದರ ಎರಡು ಮಗ್ಗುಲು ಮಸುಕು, ಎರಡು ನಿಚ್ಚಳ. ನಿಚ್ಚಳ ಮಗ್ಗುಲಿಂದ ಬೆಳಕು ಹಾಯಬೇಕು, ಅಲ್ಲಿ ಬೆರಳು ತಾಗಬಾರದು. ಇಪ್ಪತ್ತು ವರ್ಷ ಹಾಗೆ ಹಿಡಿದೂ ಹಿಡಿದೂ ಮೇಡಂ ಕಾಫಿ ಲೋಟವನ್ನೂ ಎರಡೇ ಬೆರಳಲ್ಲಿ ಹಿಡಿಯುತ್ತಿದ್ದರು, ಮೊಬೈಲನ್ನೂ. ಯಾರಾದರೂ ಪ್ರಸಾದ ಕೊಟ್ಟರೆ ಅದನ್ನೂ. ಮಧ್ಯಾಹ್ನ ಊಟವಾದ ಮೇಲೆ ಫ್ರಿಜ್ಜಿಗೆ ತಲೆ ಆನಿಸಿ ಕೂತಲ್ಲೇ ಹದಿನೈದು ನಿಮಿಷ ನಿದ್ದೆ ಹೊಡೆಯುತ್ತಿದ್ದರು. ಫ್ರಿಜ್ಜಿನ ಮೋಟಾರು ನಿಂತ ತಕ್ಷಣ ಎಚ್ಚರ. ಅವರ ದುಪಟ್ಟಾಗಳ ಅಂಚಿನಲ್ಲೆಲ್ಲ ಆಸಿಡ್ಡಿನ ತೂತು.

ಅವರದು ಒಂದೇ ಒಂದು ಮಡಿ. ಪ್ರಯೋಗ ಶುರು ಮಾಡುವ ಮುಂಚೆ ಬೆಲ್ಲವೋ ಬೇಳೆಯೋ ಏನೂ ಹಾಕದ, ಬರೀ ನೀರಿನ ಟ್ಯೂಬನ್ನು ಮೊದಲು ನೋಡಬೇಕು. ಎಲ್ಲ ಲ್ಯಾಬಿನಲ್ಲೂ ಅದನ್ನು ಬ್ಲ್ಯಾಂಕ್ ಅನ್ನುತ್ತಾರೆ. ಇವರು 'ಖಾಲಿ' ಅನ್ನುತ್ತಿದ್ದರು. "ಖಾಲಿ ಮೊದ್ಲು. ಏನೂ ಇಲ್ಲದ್ದು ಏನ್ ಹೇಳ್ತೈತೆ ಅಂತ ಕೇಳು. ಆಮ್ಯಾಲೆ ಇದ್ದದ್ರ ಮಾತು." ಆ ಖಾಲಿ ಟ್ಯೂಬನ್ನು ಮುಟ್ಟಲು ನಮಗೆ ಯಾರಿಗೂ ಅಪ್ಪಣೆ ಇರಲಿಲ್ಲ. ಅದನ್ನು ಅವರೇ ಆಸಿಡ್ಡಿನಲ್ಲಿ ನೆನೆಸಿ, ಶುದ್ಧ ನೀರಿನಲ್ಲಿ ಆರು ಸಲ ಜಾಲಿಸಿ, ಬೋರಲು ಹಾಕಿ, ತಮ್ಮದೇ ಕಪಾಟಿನಲ್ಲಿ ಇಡುತ್ತಿದ್ದರು. ಮಿಕ್ಕ ಟ್ಯೂಬುಗಳನ್ನು ನಾನು ತೊಳೆಯಬೇಕು. ನಮ್ಮಿಬ್ಬರ ದುರ್ದೆಸೆ ಹುಟ್ಟಿದ್ದು ಈ ಮಡಿಯಿಂದಲೇ. ಅದನ್ನೀಗ ಹೇಳಲೇಬೇಕು.

ಬೆಲ್ಲದ ಪ್ರಾಜೆಕ್ಟು ಬಂತು. ಬೆಲ್ಲದ ಬಣ್ಣ ತಿಳಿಯಾಗಲಿ ಅಂತ ಕೆಲವು ಕಡೆ ಒಂದು ಪುಡಿ ಹಾಕುತ್ತಾರೆ, ಹೈಡ್ರೋಸ್ ಅನ್ನುತ್ತಾರೆ. ಅದು ಎಷ್ಟಿದೆ ಅಂತ ಸಲೀಸಾಗಿ ಹಿಡಿಯುವ ದ್ರವವನ್ನು ಮೇಡಂ ಮಾಡಿದ್ದರು. ಬೆಲ್ಲದ ನೀರಿಗೆ ಎರಡು ಹನಿ, ಯುವಿ ದೀಪದ ಕೆಳಗೆ ಇಟ್ಟರೆ ನೀಲಿ ಹೊಳಪು. ದೀಪವಿದ್ದದ್ದು ಮಾವಿನಹಣ್ಣಿನ ರಟ್ಟಿನ ಪೆಟ್ಟಿಗೆಯೊಳಗೆ, ಇಣುಕಿ ನೋಡಲು ಒಂದು ತೂತು. ನಾವಿಬ್ಬರೂ ಬಸ್ಸಿನಲ್ಲಿ ಅನಕಾಪಲ್ಲಿಗೆ ಹೋಗಿ ಬೆಲ್ಲದ ಮಾರ್ಕೆಟ್ಟಿನಲ್ಲಿ ಅಂಗಡಿ ಅಂಗಡಿ ತಿರುಗಿ ತುಂಡು ತುಂಡು ತಂದೆವು. ಎಲ್ಲ ಅಂಗಡಿಗಳಲ್ಲೂ ಮೇಡಂ ಒಂದು ಚೂರು ಬಾಯಿಗೆ ಹಾಕಿಕೊಂಡು ನೋಡಿದ್ದರಿಂದ ಸಂಜೆಗೆ ಅವರ ಹಲ್ಲು ಜುಮ್ ಅನ್ನುತ್ತಿತ್ತು.

ಆ ತಿಂಗಳು ಲ್ಯಾಬಿಗೆ ಬರಬೇಕಾದ ಸೋಪಿನ ದ್ರವ ಬರಲಿಲ್ಲ. ನಾನು ರೂಮಿನಿಂದ ಬಟ್ಟೆ ಒಗೆಯುವ ಪುಡಿ ತಂದು ಟ್ಯೂಬುಗಳನ್ನು ತೊಳೆದೆ. ಮೂರು ತಿಂಗಳು ಹಾಗೆಯೇ ತೊಳೆದೆ. ಮೇಡಂ ದಿನಾ ತಮ್ಮ ಖಾಲಿ ನೋಡಿದರು, ಅದು ಕಪ್ಪಗೆ ಇತ್ತು. ನಾನು ತುಂಬಿಟ್ಟ ಬೆಲ್ಲದ ಟ್ಯೂಬು ನೋಡಿದರು, ಎಲ್ಲವೂ ನೀಲಿ. ತಂದದ್ದೆಲ್ಲ ಕಲಬೆರಕೆ! ಪೇಪರ್ ಬರೆದರು. ಒಳ್ಳೆಯ ಜರ್ನಲ್ಲು ಒಪ್ಪಿಕೊಂಡಿತು. ಅದೇ ಹೊತ್ತಿಗೆ ಖಾಯಂ ಹುದ್ದೆಗೆ ಕರೆದರು. ಆ ವರ್ಷ ದಾಟಿದರೆ ಮೇಡಂಗೆ ವಯಸ್ಸಿನ ಮಿತಿ ಮೀರುತ್ತಿತ್ತು. ಇದ್ದದ್ದು ಒಂದೇ ಅವಕಾಶ, ಅದಕ್ಕೆ ಕೈಯಲ್ಲಿದ್ದದ್ದು ಈ ಒಂದೇ ಪೇಪರ್.

ಸಂದರ್ಶನಕ್ಕೆ ಒಂಬತ್ತು ದಿನ ಇರುವಾಗ ನಾನು ರಟ್ಟಿನ ಪೆಟ್ಟಿಗೆಯೊಳಗೆ ಕೈ ಹಾಕಿ ದೀಪ ಒರೆಸುತ್ತಿದ್ದೆ. ದೀಪ ಹೊತ್ತಿತ್ತು. ನನ್ನ ಬಿಳಿ ಅಂಗಿಯ ತೋಳು ನೀಲಿಯಾಗಿ ಹೊಳೆಯಿತು. ಅದೇ ನೀಲಿ. ಬಟ್ಟೆಪುಡಿಯಲ್ಲಿ ಬಿಳುಪು ಹೆಚ್ಚಿಸುವ ಒಂದು ವಸ್ತು ಹಾಕುತ್ತಾರೆ, ಅದರ ಕೆಲಸವೇ ಹೊಳೆಯುವುದು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅಂತಾರಲ್ಲ, ನಾನು ತೋಳು ಮುಟ್ಟಿ ನೋಡಿಕೊಂಡೆ. ಆಮೇಲೆ ಟ್ಯೂಬು ತೊಳೆಯುವ ಬ್ರಷ್ಷು ಒಳಗಿಟ್ಟೆ, ಹೊಳೆಯಿತು. ನಾನು ತೊಳೆದಿಟ್ಟ ಟ್ಯೂಬಿಗೆ ಬರೀ ನೀರು ಹಾಕಿ ಇಟ್ಟೆ. ಅದೂ ಹೊಳೆಯಿತು. ಹೊಳೆದದ್ದು ಬೆಲ್ಲ ಅಲ್ಲ.

ಹೇಳಲಿಲ್ಲ. ಭಯವಾಯಿತು, ನನ್ನ ಆರ್ಡರು ಮುಗಿಯಲು ಎರಡೇ ವಾರ ಇತ್ತು. ಜೊತೆಗೆ ಆ ದಿನಗಳಲ್ಲಿ ಮೇಡಂ ಮುಖ ನೋಡಲು ಚೆನ್ನಾಗಿತ್ತು, ಮಧ್ಯಾಹ್ನದ ನಿದ್ದೆಯನ್ನೂ ಬಿಟ್ಟಿದ್ದರು. ನಾಳೆ ಹೇಳಿದರಾಯಿತು ಅಂತ ನಾಳೆಗೆ ದೂಡಿದೆ. ಮೂರನೇ ದಿನ ಅವರು ಪೇಪರಿನ ಪ್ರೂಫು ತಿದ್ದುತ್ತಾ ಕೂತಿದ್ದರು. "ಇಲ್ಲಿ ಬಾ, ನಿನ್ ಹೆಸ್ರು ಸರಿ ಬಂದೈತೇನು ನೋಡು" ಅಂದರು. ಅವರ ಹೆಸರಿನ ಪಕ್ಕದಲ್ಲೇ ನನ್ನ ಹೆಸರು. ನನಗೆ ಗೊತ್ತೇ ಇರಲಿಲ್ಲ, ಸೇರಿಸಿದ್ದರು. ನೋಡಿ, "ಸರಿ ಐತ್ರಿ ಮೇಡಂ" ಅಂದೆ. ಆವತ್ತೇ ಕಳಿಸಿದರು. ಮರುದಿನವೇ ಆನ್‌ಲೈನಿನಲ್ಲಿ ಅಚ್ಚಾಯಿತು. ನಾನು ನಮ್ಮಪ್ಪನಿಗೆ ಫೋನು ಮಾಡಿ ಹೆಸರು ಬಂದಿದೆ ಅಂತ ಹೇಳಿದೆ ಕೂಡ. ಇದನ್ನು ಬರೆಯಲು ನಾಚಿಕೆಯಾಗುತ್ತದೆ.

ಸಂದರ್ಶನ ವಿಜಯವಾಡದಲ್ಲಿ. ತೋರಿಸಲಿಕ್ಕೆ ಬೇಕು ಅಂತ ದೀಪದ ಪೆಟ್ಟಿಗೆ, ಟ್ಯೂಬು ಎಲ್ಲ ಹೊತ್ತು ನಾನೂ ಹೋಗಬೇಕಾಯಿತು. ಟ್ಯೂಬುಗಳನ್ನು ಸರಿಯಾಗಿ ತೊಳೆದರೆ ಬೆಲ್ಲ ಹೊಳೆಯುವುದಿಲ್ಲ, ತೊಳೆಯದಿದ್ದರೆ ಸುಳ್ಳು ಹೊಳೆಯುತ್ತದೆ. ಏನು ಮಾಡಲೂ ತೋಚದೆ ಇದ್ದ ಹಾಗೆಯೇ ತುಂಬಿಕೊಂಡೆ. ಹಿಂದಿನ ದಿನ ಬೆಳಗಿನ ರೈಲು ಹತ್ತಿದೆವು. ದಾರಿಯುದ್ದಕ್ಕೂ ಮೇಡಂ ಕಿಟಕಿಗೆ ತಲೆ ಇಟ್ಟು ನಿದ್ದೆ ಮಾಡಿದರು. ಮಧ್ಯಾಹ್ನ ಪಟಮಟದ ಅವರ ಮನೆ ಮುಟ್ಟಿದೆವು. ತಂದೆ ಅಷ್ಟೊತ್ತಿಗಾಗಲೇ ತೀರಿಕೊಂಡಿದ್ದರು; ಮನೆಯಲ್ಲಿ ತಾಯಿ ಒಬ್ಬರೇ. ನನಗೆ ಕೈ ತೊಳೆಯಲೂ ಬಿಡದೆ ರೊಟ್ಟಿ ಬಡಿಸಿದರು, "ಈ ಊರಾಗೆ ರೊಟ್ಟಿ ತಿನ್ನೋರೇ ಇಲ್ಲಪ್ಪ, ತಿನ್ನು" ಅಂತ.

ಊಟವಾದ ಮೇಲೆ ಮೇಡಂಗೆ ತಾಯಿಗೆ ತಮ್ಮ ವಿದ್ಯೆ ತೋರಿಸುವ ಹುರುಪು ಬಂತು. ಬೆಲ್ಲ ತಾ ಅಂದರು. ತಾಯಿ ಡಬ್ಬಿಯಿಂದ ಕಪ್ಪನೆಯ ಒಂದು ಹೆಂಟೆ ತಂದರು. ಕಂಪ್ಲಿ ಹತ್ತಿರ ತಾಯಿಯ ತಮ್ಮನದೇ ಆಲೆಮನೆ ಇತ್ತು, ಬೆಲ್ಲ ಅಲ್ಲಿಂದ ಬಂದದ್ದು. ನಾನು ಟ್ಯೂಬಿನಲ್ಲಿ ಕರಗಿಸಿದೆ, ಮೇಡಂ ಎರಡು ಹನಿ ಬಿಟ್ಟರು, ತಾಯಿ ತೂತಿಗೆ ಕಣ್ಣಿಟ್ಟರು.

"ಅಯ್ಯ, ಎಷ್ಟ್ ಚೆಂದ ಹೊಳೀತದೆ!" ಅಂದರು ತಾಯಿ.

"ಹೊಳದ್ರೆ ಕಲಬೆರಕೆ ಅಂತಮ್ಮಾ" ಅಂದರು ಮೇಡಂ.

ತಾಯಿ ಪೆಟ್ಟಿಗೆಯಿಂದ ಮುಖ ಎತ್ತಿದರು. "ಏನಂದಿ? ನನ್ ತಮ್ಮ ಬೆಂಡೆಗಿಡದ ಲೋಳೆ ಬಿಟ್ರೆ ಅದಕ್ಕ ಏನೂ ಹಾಕಂಗಿಲ್ಲ. ಅವ್ನೇ ಉಣ್ಣೋ ಬೆಲ್ಲ ಅದು. ಕಳ್ಳ ಅಂತೀಯೇನು ಅವನ್ನ?"

ಮೇಡಂ ನಕ್ಕರು. ಆಮೇಲೆ ನಗು ನಿಂತಿತು. ಬೇರೆ ಟ್ಯೂಬಿನಲ್ಲಿ ಮಾಡು ಅಂದರು. ಅದೂ ಹೊಳೆಯಿತು. "ಬರೇ ನೀರು ಹಾಕು. ನಿನ್ ಟ್ಯೂಬಿಗೇ ಹಾಕು" ಅಂದರು. ಹಾಕಿದೆ. ತೂತಿನಲ್ಲಿ ನೋಡಿದರು. ಅದೂ ನೀಲಿ. ಮುಖ ಎತ್ತಿ ನನ್ನನ್ನೇ ನೋಡಿದರು. ಬಚ್ಚಿಡಲು ಇನ್ನೇನೂ ಉಳಿದಿರಲಿಲ್ಲ.

"ಮೇಡಂ, ನಾ ಟ್ಯೂಬ್ ಬಟ್ಟಿ ಪುಡೀಲೆ ತೊಳದೀನ್ರಿ. ಬೆಲ್ಲದ ಕೆಲಸ ಸುರು ಆದಾಗಿಂದ. ಈಗ ತಿಳೀತು ನೋಡ್ರಿ ನನಗ."

ಈಗ ತಿಳಿಯಿತು ಅಂದೆ. ಆ ಸಂಕಟದಲ್ಲೂ ಒಂದು ಸುಳ್ಳನ್ನು ಜೋಪಾನವಾಗಿ ಉಳಿಸಿಕೊಂಡೆ.

ಬೈಯುತ್ತಾರೆ ಅಂತ ಕಾದೆ. ಬೈಯಲಿಲ್ಲ. ಕುರ್ಚಿಯಲ್ಲಿ ಕೂತರು. "ಖಾಲಿ ಒಂದನ್ನೇ ಮಡೀಲಿ ಇಟ್ಟೆ ನೋಡು ನಾನು" ಅಂದರು, ಯಾರಿಗೋ ಹೇಳುವಂತೆ. ಆಮೇಲೆ ನನ್ನ ಕಡೆ ತಿರುಗಿ, "ಹೇಳ್ದೆಯಲ್ಲ, ಸಾಕು. ಹೋಗಿ ಮಲ್ಕೋ, ಮುಖ ನೋಡು ಹೆಂಗಾಗೈತೆ" ಅಂದರು.

ಮರುದಿನ ಬೆಂಜ್ ಸರ್ಕಲ್ ಹತ್ತಿರದ ಒಂದು ಕಚೇರಿಯಲ್ಲಿ ಐದು ಜನರ ಮುಂದೆ ದೀಪದ ವೈರು ಚುಚ್ಚುತ್ತಾ ನಾನು ನಿಂತಿದ್ದೆ. ಪರೀಕ್ಷೆ ತೋರಿಸಿ ಅಂದರು. ತೋರಿಸುವ ಮುಂಚೆ ಒಂದು ಮಾತು ಅಂತ ಮೇಡಂ ಶುರು ಮಾಡಿದರು: ನನ್ನ ಈ ಪೇಪರಿನಲ್ಲಿ ಮಾರ್ಕೆಟ್ ಬೆಲ್ಲದ ಫಲಿತಾಂಶವೆಲ್ಲ ತಪ್ಪು, ನಿನ್ನೆ ತಿಳಿಯಿತು, ವಾಪಸ್ ತೆಗೆದುಕೊಳ್ಳುತ್ತಿದ್ದೇನೆ. ಒಬ್ಬರು, ಟ್ಯೂಬು ತೊಳೆದವರು ಯಾರು ಅಂತ ಕೇಳಿದರು. ನನ್ನ ಕೈಯಲ್ಲಿ ವೈರು ಹಾಗೆಯೇ ನಿಂತಿತು. "ಖಾಲಿ ತೊಳೆದದ್ದು ನಾನು. ಉಳಿದದ್ದನ್ನೂ ನಾನೇ ತೊಳೆಯಬೇಕಿತ್ತು" ಅಂದರು ಮೇಡಂ. ನಡುವೆ ಕೂತಿದ್ದ ಹಿರಿಯರು ಒಳ್ಳೆಯ ಮನುಷ್ಯ. ಬೇಜಾರಿನಿಂದಲೇ ಹೇಳಿದರು: "ಅಚ್ಚಾಗುವ ಮೊದಲು ಗೊತ್ತಾಗಿದ್ದರೆ ಹಿಂದಕ್ಕೆ ತರಿಸಿಕೊಂಡು ಸುಮ್ಮನಾಗಬಹುದಿತ್ತಮ್ಮ. ಯಾರೂ ಕೇಳುತ್ತಿರಲಿಲ್ಲ. ಅಚ್ಚಾದ ಮೇಲೆ ನಮಗೂ ಕಷ್ಟ."

ಅಚ್ಚಾಗುವ ಹಿಂದಿನ ದಿನ ಪ್ರೂಫಿನ ಮುಂದೆ ನಿಂತು ಸರಿ ಐತ್ರಿ ಅಂದವನು ಅಲ್ಲೇ ಗೋಡೆ ಪಕ್ಕ ಇದ್ದ. ಬಾಯಿ ಬಿಡಲಿಲ್ಲ.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಹೊರಗೆ ಬಂದಾಗ ಬಿಸಿಲು, ಹಾರನ್ನು, ರಸ್ತೆ ದಾಟುವುದೇ ಒಂದು ಯುದ್ಧ. ಮೇಡಂ ಗಾಡಿಯೊಂದರ ಮುಂದೆ ನಿಂತು ಪುನುಗುಲು, ದೋಸೆಹಿಟ್ಟಿನ ಪುಟ್ಟ ಬೋಂಡಾ, ಕಟ್ಟಿಸಿದರು. ಎರಡೇ ಬೆರಳಲ್ಲಿ ಒಂದೊಂದನ್ನೇ ಎತ್ತಿ ತಿನ್ನುತ್ತಾ, "ಬಿಸಿ ಐತೆ, ಊದ್ಕೊಂಡು ತಿನ್ನು" ಅಂದರು.

ಗುತ್ತಿಗೆ ಮುಗಿಯಲು ಉಳಿದಿದ್ದ ದಿನಗಳಲ್ಲಿ ಅವರು ಎಲ್ಲ ಬೆಲ್ಲವನ್ನೂ ಮತ್ತೆ ಪರೀಕ್ಷೆ ಮಾಡಿದರು, ಎಲ್ಲ ಟ್ಯೂಬನ್ನೂ ತಾವೇ ತೊಳೆದು. ಒಂದೆರಡು ಬಿಟ್ಟು ಯಾವುದೂ ಹೊಳೆಯಲಿಲ್ಲ. ಅದನ್ನು ಬರೆದು ಜರ್ನಲ್ಲಿಗೆ ಕಳಿಸಿದ್ದು ಸಾಲದೆ, ನನ್ನನ್ನು ಕರೆದುಕೊಂಡು ಅನಕಾಪಲ್ಲಿಗೂ ಹೋದರು. ಅಂಗಡಿಯ ಮುಂದೆ ನಿಂತು, ನಿಮ್ಮ ಬೆಲ್ಲದಲ್ಲಿ ಏನೂ ಇಲ್ಲ, ನಾನು ತಪ್ಪು ಬರೆದಿದ್ದೆ, ಕ್ಷಮಿಸಿ ಅಂತ ತೆಲುಗಿನಲ್ಲಿ ಹೇಳಿದರು. ಸಾಹುಕಾರ ಹಲ್ಲುಕಡ್ಡಿ ತೆಗೆದು, "ಅದಿ ಮಾಕು ತೆಲುಸು ಕದಮ್ಮಾ," ಅದು ನಮಗೆ ಗೊತ್ತೇ ಇತ್ತಲ್ಲಮ್ಮ ಅಂದ. ಬಸ್ಸಿನಲ್ಲಿ ಮೇಡಂ ಅದನ್ನು ನೆನೆಸಿ ನೆನೆಸಿ ನಕ್ಕರು. ನನಗೆ ನಗು ಬರಲಿಲ್ಲ.

ಆಮೇಲೆ ವಿಜಯವಾಡಕ್ಕೆ ಹೋಗಿಬಿಟ್ಟರು, ಎಂಟ್ರೆನ್ಸ್ ಪರೀಕ್ಷೆಗೆ ತಯಾರು ಮಾಡುವ ಒಂದು ಕಾಲೇಜಿಗೆ. ಒಂದೊಂದು ಕ್ಲಾಸಿಗೆ ನೂರಿಪ್ಪತ್ತು ಮಕ್ಕಳು, ಮೈಕಿನಲ್ಲಿ ಪಾಠ. ನನಗೆ ಈ ಕಾರ್ಖಾನೆಯ ನೌಕರಿ ಸಿಕ್ಕಿದ್ದು ಅವರು ಬರೆದುಕೊಟ್ಟ ಪತ್ರದಿಂದ. ವರ್ಷಕ್ಕೊಮ್ಮೆ ಯುಗಾದಿಗೆ ಫೋನು ಮಾಡುತ್ತಿದ್ದೆ. ಪಾಠ ಮಾಡಿ ಮಾಡಿ ಅವರ ದನಿ ಸದಾ ಒಡೆದಿರುತ್ತಿತ್ತು. ಮತ್ತೆ ಯಾವುದಾದರೂ ಲ್ಯಾಬಿಗೆ ಹೋಗಬಾರದಾ ಅಂದರೆ, "ಸಾಕಪ್ಪ. ಕಣ್ಣು ದಣದಾವೆ" ಅನ್ನುತ್ತಿದ್ದರು. ಪ್ರತಿ ಸಲ ಫೋನು ಹಚ್ಚುವ ಮುಂಚೆ, ಈ ಸಲ ಹೇಳಿಬಿಡುತ್ತೇನೆ ಅಂದುಕೊಳ್ಳುತ್ತಿದ್ದೆ. ಪ್ರತಿ ಸಲ ಬೇವು, ಮಾವಿನಕಾಯಿ, ಸೆಕೆ ಇವುಗಳಲ್ಲೇ ಮಾತು ಮುಗಿಯುತ್ತಿತ್ತು.

ಸುದ್ದಿ ಬಂದ ಐದನೇ ದಿನ ರಜೆ ಸಿಕ್ಕಿತು. ಪಟಮಟದ ಮನೆಯ ಹಜಾರದಲ್ಲಿ ತಾಯಿ ಗೋಡೆಗೆ ಒರಗಿ ಕೂತಿದ್ದರು, ಎಂಬತ್ತು ದಾಟಿದ ಜೀವ. ಎದುರಿಗೆ ಚಾಪೆಯ ಮೇಲೆ ಕಾಲೇಜಿನ ಇಬ್ಬರು ಹುಡುಗಿಯರು, ಮೇಡಂ ಶಿಷ್ಯೆಯರು. ನಾನು ಹೆಸರು ಹೇಳಿದೆ. ತಾಯಿ ಕಣ್ಣು ಕಿರಿದು ಮಾಡಿ ನೋಡಿದರು.

"ಗದಗಿನಾವ ಅಲ್ಲೇನು? ಟ್ಯೂಬ್ ತೊಳದಾವ?" ಅಂದರು. ಹುಡುಗಿಯರ ಕಡೆ ತಿರುಗಿ ತೆಲುಗಿನಲ್ಲಿ, ಆ ಅಣ್ಣ ಇವರೇ ಅಂತ ಹೇಳಿದರು. ಹುಡುಗಿಯರು ಇಬ್ಬರೂ ಎದ್ದು ನಿಂತರು. ನನಗೆ ಅರ್ಥವಾಗಲಿಲ್ಲ. ಅವರಲ್ಲಿ ಒಬ್ಬಳು ಇಂಗ್ಲಿಷಿನಲ್ಲಿ ಹೇಳಿದಳು. ಪ್ರತಿ ವರ್ಷ ಮೊದಲ ಪ್ರಾಕ್ಟಿಕಲ್ ದಿನ ಮೇಡಂ ನನ್ನ ಕತೆ ಹೇಳುತ್ತಿದ್ದರಂತೆ. ಲ್ಯಾಬಿನಲ್ಲಿ ಒಬ್ಬ ಹುಡುಗ ಇದ್ದ, ಅವನ ಕೈಯಲ್ಲಿ ತಪ್ಪಾಯಿತು, ತಪ್ಪು ಅಂತ ತಿಳಿದ ಗಳಿಗೆಯಲ್ಲೇ ಹೇಳಿದ, ಒಂದು ನಿಮಿಷ ಮುಚ್ಚಿಡಲಿಲ್ಲ, ನೀವೂ ಹಾಗಿರಿ ಅಂತ.

ತಾಯಿ ನನ್ನ ಕೈ ಹಿಡಿದುಕೊಂಡು ಪಕ್ಕದಲ್ಲಿ ಕೂರಿಸಿಕೊಂಡರು. "ನೌಕ್ರಿ ಹೋತು ಅಂತ ನಾ ಅತ್ರೆ ಆಕಿ ಅಂತಿದ್ಲು, ಹೋಗ್ಲಿ ಬಿಡಮ್ಮ, ಆ ಹುಡುಗ ಹೇಳಿದ್ನಲ್ಲ, ಅದು ದೊಡ್ಡದು ಅಂತ."

ಹುಡುಗಿಯರು ಇನ್ನೂ ನಿಂತೇ ಇದ್ದರು. ನನಗೆ ತಡೆಯಲಾಗಲಿಲ್ಲ.

"ಇಲ್ರಿ ಅಮ್ಮಾ. ಆವತ್ತ ತಿಳದದ್ದಲ್ರಿ ನನಗ. ಎಂಟ ದಿನ ಮೊದಲ ಗೊತ್ತಿತ್ರಿ. ಅಚ್ಚಾಗೂದಕ್ಕಿಂತ ಮೊದಲ ಗೊತ್ತಿತ್ರಿ. ನಾ ಹೇಳಿದ್ರ ಅವರಿಗೆ ಆ ನೌಕರಿ ಸಿಗ್ತಿತ್ರಿ."

ತಾಯಿ ಕೈ ಬಿಡಲಿಲ್ಲ. ಹೊರಗೆ ಸಿಟಿ ಬಸ್ಸೊಂದು ನಿಂತು, ಜನರನ್ನು ಇಳಿಸಿ, ಹೊರಟು ಹೋಯಿತು.

"ಆಕಿ ಇದ್ದಾಗ ಹೇಳ್ಬೇಕಿತ್ತಪ್ಪ," ಅಂದರು. "ನನಗ್ಯಾಕೆ ಹೇಳ್ತಿ ಈಗ?"